ಬಡವನ ಆಸ್ತಿಗೂ ಕಾಗದ ಬೇಕು

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಉಯಿಲು, ವಾರಸು ಎಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. "ಇರುವುದು ಎರಡಂಕಣದ ಮನೆ, ಅದಕ್ಕೆ ಉಯಿಲು ಬೇರೆ ಕೇಡು, ಮೇಷ್ಟ್ರೇ" ಎಂದು ಒಬ್ಬರು ಈಗ ತಾನೇ ಬಾಗಿಲಲ್ಲಿ ಅಂದರು. ಸಾಹುಕಾರನ ಮನೆಯವರು ಹತ್ತು ವರ್ಷ ಕೋರ್ಟು ಅಲೆದರೂ ಅವರ ಒಲೆ ಆರುವುದಿಲ್ಲ. ನಮ್ಮ ಮನೆಗೆ ಬರುವ ಹಣ ಮೂರು ತಿಂಗಳು ನಿಂತರೆ ಮಕ್ಕಳು ಶಾಲೆ ಬಿಡುತ್ತವೆ. ಆಸ್ತಿ ಚಿಕ್ಕದಾದಷ್ಟೂ ಕಾಗದ ಸರಿಯಾಗಿರಬೇಕು. ಈ ದಿನ ನಾವು ಹೇಳಬೇಕೆಂದಿರುವುದು ಇಷ್ಟೇ.

ನಾವು ಕಣ್ಣಾರೆ ಕಂಡ ಒಂದು ಸಂಗತಿ ಕೇಳಿ. ನೇಯ್ಗೆ ಖಾತೆಯ ಕಾರ್ಮಿಕನೊಬ್ಬ ತೀರಿಕೊಂಡ. ಕೆಲಸಕ್ಕೆ ಸೇರಿದಾಗ ಅವನಿಗೆ ಮದುವೆಯಾಗಿರಲಿಲ್ಲ. ಪ್ರಾವಿಡೆಂಟ್ ಫಂಡಿನ ಫಾರಮಿನಲ್ಲಿ ಅಣ್ಣನ ಹೆಸರು ಬರೆಸಿದ್ದ. ಆಮೇಲೆ ಮದುವೆಯಾಯಿತು, ಎರಡು ಮಕ್ಕಳಾದವು, ಫಾರಮು ಮಾತ್ರ ಹಾಗೆಯೇ ಉಳಿಯಿತು. ಹೆಂಡತಿ ಕಚೇರಿಗೆ ಹೋದರೆ, "ಇದರಲ್ಲಿ ನಿನ್ನ ಹೆಸರಿಲ್ಲ, ಭಾವನನ್ನು ಕರೆದುಕೊಂಡು ಬಾ" ಎಂದರು. ಭಾವ ಬರಲಿಲ್ಲ. ಆ ತಾಯಿ ತಿಂಗಳುಗಟ್ಟಲೆ ಅಲೆದಳು. ಕೊನೆಗೆ ನಾವು ನಿಯಮ ತೆಗೆದು ಓದಿದೆವು. 1952ರ ಪ್ರಾವಿಡೆಂಟ್ ಫಂಡು ಯೋಜನೆಯಲ್ಲಿ ಸ್ಪಷ್ಟವಾಗಿ ಬರೆದಿದೆ: ಸಂಸಾರವಿಲ್ಲದಾಗ ಯಾರ ಹೆಸರನ್ನಾದರೂ ಕೊಡಬಹುದು, ಸಂಸಾರವಾದ ಕೂಡಲೇ ಆ ನಾಮನಿರ್ದೇಶನ ತಾನಾಗಿಯೇ ರದ್ದು. ಅರ್ಜಿ ಬರೆದೆವು, ಹಣ ಹೆಂಡತಿ ಮಕ್ಕಳಿಗೆ ಬಂತು. ಆದರೆ ಆ ತಿಂಗಳುಗಳಲ್ಲಿ ಆಕೆಯ ಕಿವಿಯ ಓಲೆ ಗಿರವಿಗೆ ಹೋಗಿತ್ತು. ಗಂಡ ಒಂದು ದಿನ ಹೊಸ ಫಾರಮು ತುಂಬಿದ್ದರೆ ಇದಾವುದೂ ಬೇಕಿರಲಿಲ್ಲ.

ಉಯಿಲಿಲ್ಲದೆ ಸತ್ತರೆ ಆಸ್ತಿ ಯಾರಿಗೆ? 1956ರ ಹಿಂದೂ ವಾರಸಾ ಕಾನೂನಿನ ಪ್ರಕಾರ ಗಂಡಸಿನ ಸ್ವಂತ ಸಂಪಾದನೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮಪಾಲು. ನಾಲ್ಕು ಲಕ್ಷದ ಮನೆ ಬಿಟ್ಟು ಹೋದವನಿಗೆ ಹೆಂಡತಿ, ತಾಯಿ, ಒಬ್ಬ ಮಗ, ಒಬ್ಬ ಮಗಳು ಇದ್ದರೆ ತಲೆಗೆ ಒಂದೊಂದು ಲಕ್ಷ. ಇವರಲ್ಲಿ ಒಬ್ಬರಿದ್ದರೂ ಅಣ್ಣತಮ್ಮಂದಿರಿಗೆ ಪಾಲಿಲ್ಲ. ಮುಸಲ್ಮಾನ ಬಂಧುಗಳಿಗೆ ಅವರ ಶರೀಯತ್ತಿನ ಪಾಲು. ಅವರು ಉಯಿಲಿನಿಂದ ಕೊಡಬಹುದಾದದ್ದು ವಾರಸುದಾರರ ಒಪ್ಪಿಗೆಯಿಲ್ಲದಿದ್ದರೆ ಮೂರರಲ್ಲಿ ಒಂದು ಭಾಗ ಮಾತ್ರ. ಕ್ರೈಸ್ತರಿಗೆ 1925ರ ಕಾನೂನು: ಮಕ್ಕಳಿದ್ದರೆ ವಿಧವೆಗೆ ಮೂರರಲ್ಲಿ ಒಂದು, ಉಳಿದದ್ದು ಮಕ್ಕಳಿಗೆ.

ಇನ್ನು ಪಿತ್ರಾರ್ಜಿತ ಆಸ್ತಿ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕಿಗೆಂದು ಕಾನೂನು ಮಾಡಿತ್ತು. 1994ರಲ್ಲಿ ಕರ್ನಾಟಕ ಸರ್ಕಾರ ಮಗಳನ್ನು ಪಾಲುದಾರಳೆಂದಿತು, ಆದರೆ ಆಗಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ದೇಶದಲ್ಲೆಲ್ಲ ಮದುವೆಯಾದವಳಿಗೂ ಮಗನಷ್ಟೇ ಹಕ್ಕು ಬಂತು. ಅಂದು ತಂದೆ ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರಾದ ಪಾಲುಪತ್ರ ಇಲ್ಲವೇ ಕೋರ್ಟು ಡಿಕ್ರಿಯ ಮೂಲಕ ಆದ ವಿಭಾಗವನ್ನು ಮಾತ್ರ ಕದಲಿಸಲಾಗದು. ಆದರೂ ನಮ್ಮಲ್ಲಿ ನಡೆಯುವುದೇನು? ಅಕ್ಕತಂಗಿಯರನ್ನು ಕರೆಸಿ, ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ. ಕೂಲಿಯಲ್ಲಿ ಸಮಾನತೆ ಕೇಳುವ ನಾವು ಮನೆಯೊಳಗೆ ಅದನ್ನು ಮರೆಯಬಾರದು. ತಾಯಂದಿರೇ, ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಉಯಿಲು ಬರೆಯುವುದು ಕಷ್ಟವಲ್ಲ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ. ಬರೆಸಿದವನ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಂಡ ಇಬ್ಬರು ಸಾಕ್ಷಿಗಳು, ಅವನೆದುರಿಗೇ ಅವರ ಸಹಿ. ಮುಂದೆ ತಕರಾರಾದರೆ ಸಾಕ್ಷಿ ಕೋರ್ಟಿಗೆ ಬರಬೇಕಾಗುತ್ತದೆ. ಆದ್ದರಿಂದ ನಿಮಗಿಂತ ಕಿರಿಯರನ್ನು, ಪಾಲು ಪಡೆಯದವರನ್ನು ಆರಿಸಿ. ರಿಜಿಸ್ಟರು ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬದುಕಿರುವ ತನಕ ಬದಲಾಯಿಸಬಹುದು; ಕೊನೆಯದೇ ನಿಲ್ಲುತ್ತದೆ. ಆದರೆ ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು, ಮಗಳ ಪಾಲನ್ನಲ್ಲ.

ವ್ಯಾಪಾರಸ್ಥರಿಗೆ ಒಂದು ಮಾತು. ಬ್ಯಾಂಕಿನಲ್ಲಿ ನಾಮಿನಿ ಎಂದು ಬರೆಸಿದವನು ಹಣ ಪಡೆದುಕೊಳ್ಳುವವನೇ ಹೊರತು ಅದರ ಒಡೆಯನಲ್ಲ, ಹಣ ವಾರಸುದಾರರದು. ಠೇವಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಹೀಗೇ ಹೇಳಿತು. ಖಾತೆ ಬದಲಾವಣೆಯೂ ಹಾಗೆಯೇ. ಹಿರಿಯ ಮಗನ ಹೆಸರಿಗೆ ಪೌತಿ ಖಾತೆ ಆದ ಮಾತ್ರಕ್ಕೆ ಮನೆ ಅವನೊಬ್ಬನದಾಗುವುದಿಲ್ಲ. ಉದ್ದರಿ ಕೊಟ್ಟದ್ದು, ತಂದದ್ದು ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ನೀವಿಲ್ಲದಾಗ ಮಾತನಾಡುವುದು ಆ ಪುಸ್ತಕ ಒಂದೇ.

ಕೊನೆಗೆ ಸಾಲದ ವಿಷಯ. ಹನ್ನೊಂದನೆಯ ದಿನದ ಊಟ ಮುಗಿಯುವ ಮುಂಚೆ ಸಾಲಗಾರ ಬಂದು, "ಅಪ್ಪನ ಸಾಲ ತೀರಿಸುವುದು ಮಗನ ಧರ್ಮ" ಎಂದು ಹೊಸ ಪತ್ರ ಮುಂದಿಡುತ್ತಾನೆ. ಹೆದರಬೇಡಿ. ಸತ್ತವನ ಸಾಲಕ್ಕೆ ಹೊಣೆ ಅವನು ಬಿಟ್ಟ ಆಸ್ತಿ. ವಾರಸುದಾರನ ಕೈಗೆ ಅದರಿಂದ ಎಷ್ಟು ಬಂತೋ ಅಷ್ಟಕ್ಕೆ ಮಾತ್ರ ಅವನು ಬಾಧ್ಯ. 2005ರ ತಿದ್ದುಪಡಿಯಾದ ಮೇಲೆ ಮಾಡಿದ ಸಾಲಕ್ಕೆ ಧರ್ಮದ ಹೆಸರು ಹೇಳಿ ಮಗನ ಮೇಲೆ ದಾವೆ ನಡೆಯದು. ಆದರೆ ಹೊಸ ಪತ್ರಕ್ಕೆ ನೀವು ಸಹಿ ಹಾಕಿದಿರೋ, ಅದು ನಿಮ್ಮ ಸಾಲ. ನಿಮ್ಮ ಕೂಲಿಯಿಂದ ತೆರಬೇಕು.

ಆದ್ದರಿಂದ ಈ ವಾರ ಮೂರು ಕೆಲಸ ಮಾಡಿ. ಫಂಡು ಮತ್ತು ಗ್ರಾಚ್ಯುಯಿಟಿ ಫಾರಮಿನಲ್ಲಿ ಯಾರ ಹೆಸರಿದೆಯೆಂದು ಹೋಗಿ ನೋಡಿ. ಮನೆಯ ಪತ್ರ, ಪಾಸುಬುಕ್ಕು ಎಲ್ಲಿವೆಯೆಂದು ಹೆಂಡತಿಗೆ ಹೇಳಿ. ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಣಿ ಮಾಡಿಸಿ, ಏಕೆಂದರೆ ಮುಂದಿನ ಎಲ್ಲ ಕೆಲಸಕ್ಕೂ ಮರಣಪತ್ರವೇ ಮೊದಲ ಮೆಟ್ಟಿಲು. ಓದಲು ಬಾರದವರು ಕಾಗದ ತೆಗೆದುಕೊಂಡು ಬನ್ನಿ, ನಾವು ಓದಿ ಹೇಳುತ್ತೇವೆ. ಸಾವಿನ ಮಾತು ಅಪಶಕುನವೆಂದು ಸುಮ್ಮನಿರಬೇಡಿ. ನಾವು ಸುಮ್ಮನಿದ್ದದ್ದರ ಬೆಲೆಯನ್ನು ನಮ್ಮ ಹೆಂಡಿರು ಮಕ್ಕಳು ತೆರುತ್ತಾರೆ.