ಹಳೆಯ ಟ್ರ್ಯಾಕ್ಟರಿಗೆ ಡೈನಮೊ ಬದಲು ಆಲ್ಟರ್ನೇಟರ್
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಸಾರ)



ಮುಂಗಾರಿನ ಮಳೆ ಬಿದ್ದ ಮೇಲೆ ಕೆಂಪು ಭೂಮಿಯಲ್ಲಿ ಬಿತ್ತನೆಯ ಹದ ಹೆಚ್ಚು ದಿನ ನಿಲ್ಲುವುದಿಲ್ಲ. ಆ ದಿನ ಬೆಳಿಗ್ಗೆಯೇ ಟ್ರ್ಯಾಕ್ಟರ್ ಚಾಲೂ ಆಗದೆ ಆಳುಗಳು ತಳ್ಳುತ್ತಾ ಕುಳಿತರೆ ಹದ ಆರಿಹೋಗುತ್ತದೆ. ಕಬ್ಬು ಸಾಗಿಸುವ ಕಾಲದಲ್ಲಿ ಅಪಾಯ ಇನ್ನೂ ದೊಡ್ಡದು. ದೀಪ ಮಂಕಾದ ಟ್ರ್ಯಾಕ್ಟರು, ಹಿಂದೀಪವಿಲ್ಲದ ಟ್ರೇಲರು ರಾತ್ರಿ ರಸ್ತೆಯಲ್ಲಿ ಪ್ರಾಣಕ್ಕೇ ಕುತ್ತು ತರುತ್ತವೆ. ಅನೇಕ ವೇಳೆ ಈ ಎರಡು ತೊಂದರೆಗೂ ಮೂಲ ಒಂದೇ: ಬ್ಯಾಟರಿಗೆ ಸಾಕಷ್ಟು ಚಾರ್ಜ್ ಸಿಗದಿರುವುದು.

1960 ಮತ್ತು 1970ರ ದಶಕದ ಅನೇಕ ಟ್ರ್ಯಾಕ್ಟರುಗಳಲ್ಲಿ ಇರುವುದು ಡೈನಮೊ. ಚಿಕ್ಕ ಡೈನಮೊ ಪೂರ್ಣ ವೇಗದಲ್ಲಿಯೂ 11 ಆಂಪಿಯರ್, ದೊಡ್ಡದು 22 ಆಂಪಿಯರಿನಷ್ಟು ವಿದ್ಯುತ್ ಕೊಡುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಬಹುತೇಕ ಏನೂ ಸಿಗದು. 55 ವ್ಯಾಟಿನ ಎರಡು ಮುಂದೀಪಗಳಿಗೇ ಸುಮಾರು 9 ಆಂಪಿಯರ್ ಬೇಕು. ಬ್ಯಾಟರಿಗೆ ಉಳಿಯುವುದೇನು? 35 ಆಂಪಿಯರಿನ ಆಲ್ಟರ್ನೇಟರ್ ಕಡಿಮೆ ವೇಗದಲ್ಲಿಯೂ ಚಾರ್ಜ್ ಮಾಡುತ್ತದೆ.

ಆದರೆ ಖರ್ಚಿಗೆ ಕೈ ಹಾಕುವ ಮೊದಲು ಬೆಲ್ಟು ಸಡಿಲವಾಗಿದೆಯೇ, ಕಾರ್ಬನ್ ಬ್ರಷ್ ಸವೆದಿದೆಯೇ, ಬ್ಯಾಟರಿಯ ತುದಿಗಳಲ್ಲಿ ಪುಡಿ ಕಟ್ಟಿದೆಯೇ ಎಂದು ನೋಡಿರಿ. ಹಗಲು ಕೆಲಸ ಮಾತ್ರ ಮಾಡುವವರಿಗೆ ಈ ರಿಪೇರಿಯೇ ಸಾಕಾಗಬಹುದು.

ಬದಲಾಯಿಸುವುದೇ ಆದರೆ ಈ ಕ್ರಮ ಅನುಸರಿಸಿರಿ:

1. ಬ್ಯಾಟರಿಯ ಯಾವ ತುದಿ ಟ್ರ್ಯಾಕ್ಟರಿನ ಮೈಗೆ ಜೋಡಿಸಿದೆ ಎಂದು ಮೊದಲು ನೋಡಿರಿ. ಕೆಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಪಾಸಿಟಿವ್ ತುದಿ ಮೈಗೆ ಸೇರಿರುತ್ತದೆ. ಸಾಮಾನ್ಯ ಆಲ್ಟರ್ನೇಟರಿಗೆ ನೆಗೆಟಿವ್ ತುದಿಯೇ ಮೈಗೆ ಸೇರಬೇಕು. ಉಲ್ಟಾ ಆದರೆ ಒಳಗಿನ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ.
2. ಬ್ಯಾಟರಿಯ ಎರಡೂ ತಂತಿ ಬಿಚ್ಚಿದ ನಂತರವೇ ಡೈನಮೊ ಇಳಿಸಿರಿ. ಕೆಲವು ಮಾದರಿಗಳಲ್ಲಿ ಗಂಟೆ ಮೀಟರ್ ಡೈನಮೊದ ಹಿಂಬದಿಯಿಂದ ನಡೆಯುತ್ತದೆ; ಅದಕ್ಕೆ ಬೇರೆ ಏರ್ಪಾಡು ಬೇಕು.
3. ಹಳೆಯ ಕಟೌಟ್ ಪೆಟ್ಟಿಗೆ ಇನ್ನು ಬೇಡ. ಹೊಸ ಆಲ್ಟರ್ನೇಟರಿನೊಳಗೇ ರೆಗ್ಯುಲೇಟರ್ ಇರಲಿ.
4. ಪುಲ್ಲಿಗಳು ಒಂದೇ ನೇರದಲ್ಲಿರಲಿ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು.
5. ಆಲ್ಟರ್ನೇಟರಿನಿಂದ ಬ್ಯಾಟರಿಗೆ ದಪ್ಪ ತಂತಿಯನ್ನೇ ಎಳೆಯಿರಿ. ಹಳೆಯ ಸಣ್ಣ ತಂತಿ ಕಾದು ಬೆಂಕಿ ಹತ್ತಬಹುದು. ಹಳೆಯ ಆಂಪಿಯರ್ ಮೀಟರಿನ ಅಳತೆ ಸಾಲದಿದ್ದರೆ ಅದನ್ನು ತೆಗೆದು ವೋಲ್ಟ್ ಮೀಟರ್ ಹಾಕಿರಿ.
6. ಎಚ್ಚರಿಕೆ ದೀಪವನ್ನು ಬಿಡಬೇಡಿರಿ. ಅನೇಕ ಆಲ್ಟರ್ನೇಟರುಗಳಲ್ಲಿ ಚಾರ್ಜಿಂಗ್ ಆರಂಭವಾಗುವುದೇ ಈ ಬಲ್ಬಿನ ಮೂಲಕ ಹರಿಯುವ ವಿದ್ಯುತ್ತಿನಿಂದ.

ಕೆಲಸ ಮುಗಿದ ಮೇಲೆ ಪರೀಕ್ಷೆ ಸುಲಭ. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಇದ್ದರೆ ಸರಿ. 15 ವೋಲ್ಟ್ ಮೀರಿದರೆ ಬ್ಯಾಟರಿಯ ನೀರು ಬೇಗ ಆರುತ್ತದೆ, ರೆಗ್ಯುಲೇಟರ್ ತೋರಿಸಿರಿ.

ಎಂಜಿನ್ ಓಡುವಾಗ ಬ್ಯಾಟರಿಯ ತಂತಿಯನ್ನು ಎಂದೂ ಬಿಚ್ಚಬೇಡಿರಿ. ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ, ಆಲ್ಟರ್ನೇಟರ್ ಎರಡರ ತಂತಿಗಳನ್ನೂ ಮೊದಲು ಕಳಚಿರಿ. ವೈರಿಂಗ್ ತಿಳಿಯದವರು ಅನುಭವಿ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸುವುದು ಕ್ಷೇಮ.

ಈ ಕೆಲಸವನ್ನು ಬೇಸಿಗೆಯ ಬಿಡುವಿನಲ್ಲಿಯೇ ಮುಗಿಸಿ, ಜೊತೆಗೆ ಟ್ರೇಲರಿಗೂ ಹಿಂದೀಪ ಹಾಕಿಸಿರಿ. ಮೋಡ ಕಟ್ಟಿದ ಮೇಲೆ ಮೆಕ್ಯಾನಿಕ್‌ನನ್ನು ಹುಡುಕಿ ಹೊರಟರೆ ಹದ ಕಾಯುವುದಿಲ್ಲ.