ಹೊರಗೆ ಕನ್ನಡ, ಒಳಗೆ ಯಾವ ಭಾಷೆ?

(ಬೀದರ ಜಿಲ್ಲೆಯ ಯುವಕ ಯುವತಿಯರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ಈ ನೆಲದಲ್ಲಿ ನಿಂತು ಕನ್ನಡದ ಮಾತು ಎತ್ತುವವರು ಮೊದಲು ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರಿಗೆ ಕೈ ಮುಗಿಯಬೇಕು. ಅದು ನಿಜಾಮನ ಆಳ್ವಿಕೆ. ಶಾಲೆಯಲ್ಲಿ ಉರ್ದು, ಕಚೇರಿಯಲ್ಲಿ ಉರ್ದು. ಆ ಕಾಲದಲ್ಲಿ ಅವರು ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ೧೯೪೮ರಲ್ಲಿ ನಿಜಾಮಶಾಹಿ ಹೋಯಿತು. ೧೯೫೬ರ ನವೆಂಬರ್ ೧ರಂದು ಬೀದರ, ಭಾಲ್ಕಿ, ಔರಾದ ಕನ್ನಡ ನಾಡಿಗೆ ಸೇರಿದವು. ಹೊರಗಿನ ಫಲಕ ಆಮೇಲೆ ಬದಲಾಯಿತು. ಒಳಗಿನ ಕನ್ನಡ ಮೊದಲೇ ಸಿದ್ಧವಾಗಿತ್ತು!

ಇಂದು ನಮ್ಮ ಕಂಪ್ಯೂಟರುಗಳಲ್ಲಿ ಇದರ ಉಲ್ಟಾ ನಡೆದಿದೆ. ಹೊರಗೆ ಕನ್ನಡ, ಒಳಗೆ ಇಂಗ್ಲಿಷ್!

ನಂಬಿಕೆ ಬರುತ್ತಿಲ್ಲವೇ? ನಾನು ಮುದ್ರಣಾಲಯ ನಡೆಸುವವನು, ದಿನಾ ನೋಡುತ್ತೇನೆ. ಹಳೆಯ ನುಡಿ ಫಾಂಟಿನಲ್ಲಿ 'ಬೀದರ' ಎಂದು ಟೈಪು ಮಾಡಿದ ಕಡತ ತೆರೆಯಿರಿ. ಫಾಂಟು ಬದಲಿಸಿ ಇಂಗ್ಲಿಷಿನದು ಹಾಕಿ. ಬೀದರ ಮಾಯ! ಮೊದಲ ಅಕ್ಷರದ ಜಾಗದಲ್ಲಿ ವೃತ್ತದೊಳಗಿನ ಸಿ, ಅಂದರೆ ಹಕ್ಕುಸ್ವಾಮ್ಯದ ಗುರುತು, ಬಂದು ಕೂತಿರುತ್ತದೆ. ನಮ್ಮ ಊರಿನ ಹೆಸರಿನೊಳಗೆ ನಮ್ಮ ಒಂದು ಅಕ್ಷರವೂ ಇಲ್ಲ. ಯಂತ್ರ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಹಳೆಯ ಫಾಂಟುಗಳು ಇಂಗ್ಲಿಷಿನ ಸಂಖ್ಯೆಗಳಿಗೇ ಕನ್ನಡದ ಮುಖವಾಡ ತೊಡಿಸಿದವು. ಆಗ ಬೇರೆ ದಾರಿ ಇರಲಿಲ್ಲ. ಈಗ ಇದೆ. ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆಂದು ೧೨೮ ಮನೆಗಳನ್ನು ಮೀಸಲಿಟ್ಟಿದ್ದಾರೆ. ನುಡಿ, ಬರಹ ಎರಡರಲ್ಲೂ ಈಗ ಯೂನಿಕೋಡ್ ಇದೆ. ಆದರೂ ಎಷ್ಟೋ ಮುದ್ರಣಾಲಯಗಳು ಇನ್ನೂ ಪೇಜ್‌ಮೇಕರನ್ನೇ ನೆಚ್ಚಿಕೊಂಡಿವೆ. ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯದು.

ಇದರಿಂದ ಏನು ನಷ್ಟ? ಔರಾದಿನ ಅಮರೇಶ್ವರ ಜಾತ್ರೆಯ ಕರಪತ್ರ, ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆ, ಊರ ಕವಿಯ ಸಂಕಲನ ಇವೆಲ್ಲ ಇಂಥ ಕಡತಗಳಲ್ಲಿ ಹೂತುಹೋಗಿವೆ. ಹುಡುಕಿದರೆ ಸಿಗವು. ಕಣ್ಣಿಲ್ಲದವರಿಗೆ ಫೋನು ಓದಿ ಹೇಳಲಾರದು. ಇಂದಿನ ಕೃತಕ ಬುದ್ಧಿಮತ್ತೆ ಕಲಿಯುವುದು ತಾನು ಓದಬಲ್ಲ ಬರಹದಿಂದ. ಅದರ ಪಾಲಿಗೆ ನಮ್ಮ ಗಡಿ ಕನ್ನಡ ಹುಟ್ಟಿಯೇ ಇಲ್ಲ!

೨೦೨೧ರ ಜೂನ್ ನೆನಪಿದೆಯೇ? ಭಾರತದ ಕುರೂಪ ಭಾಷೆ ಯಾವುದೆಂದು ಕೇಳಿದರೆ ಗೂಗಲ್ ಕನ್ನಡದ ಹೆಸರು ತೋರಿಸಿತು. ಯಾವುದೋ ಜಾಲಪುಟದ ಸಾಲೊಂದನ್ನು ಯಂತ್ರ ಎತ್ತಿ ಹಿಡಿದಿತ್ತು. ನಾಡು ಸಿಡಿದೆದ್ದಿತು, ಕಂಪನಿ ಕ್ಷಮೆ ಕೇಳಿತು. ಆ ಕೂಗು ಬೇಕೇ ಬೇಕಿತ್ತು. ಆದರೆ ಯಂತ್ರದೊಳಗೆ ನಮ್ಮ ಬರಹ ತುಂಬದೆ ಬರೀ ಕೂಗಿದರೆ, ನಾಳೆ ಇನ್ನೊಂದು ಸಾಲು ಎದ್ದು ಬರುತ್ತದೆ.

ತುಂಬುವವರು ಯಾರು? ಸರ್ಕಾರಕ್ಕಾಗಿ ಕಾಯದೆ, ಬಿಚ್ಚಿ ನೋಡಿ, ಕೆದಕಿ, ಜೋಡಿಸಿದವರೇ ಇದುವರೆಗೂ ಕನ್ನಡವನ್ನು ಕಂಪ್ಯೂಟರಿಗೆ ತಂದಿದ್ದಾರೆ. ಕೆ.ಪಿ. ರಾವ್ ಇಂಗ್ಲಿಷಿನ ೨೬ ಕೀಲಿಗಳಲ್ಲೇ ಇಡೀ ಕನ್ನಡವನ್ನು ಹಿಡಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. ಶೇಷಾದ್ರಿವಾಸು ೧೯೯೮ರಲ್ಲಿ 'ಬರಹ' ಕೊಟ್ಟರು. ಕಲಾವಿದೆ ವೈಷ್ಣವಿ ಮೂರ್ತಿ ಜೊತೆಗಾರನೊಬ್ಬನೊಂದಿಗೆ 'ಅಕಾಯ ಕನಡಕ' ಎಂಬ ಕನ್ನಡ ಫಾಂಟ್ ರೂಪಿಸಿ, ಯಾರು ಬೇಕಾದರೂ ಬಳಸಲೆಂದು ಮುಕ್ತವಾಗಿ ಬಿಟ್ಟರು. ಅವರೂ ವಿನೋದ್ ರಾಜನ್ ಅವರೂ ದುಡಿದ ತುಳು-ತಿಗಳಾರಿ ಲಿಪಿ ೨೦೨೪ರಲ್ಲಿ ಯೂನಿಕೋಡ್ ಸೇರಿತು. ಚಿತ್ರ ಬರೆಯುವ ಕೈ ಕೋಡನ್ನೂ ಹಿಡಿಯಬಲ್ಲದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ನಮ್ಮಲ್ಲಿ ಕೈಗಳಿಲ್ಲವೇ? ಬೀದರಿನಲ್ಲೂ ಭಾಲ್ಕಿಯಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ರಾತ್ರಿಯಿಡೀ ಫೋನಿನಲ್ಲಿ ರೀಲ್ಸ್, ಮೀಮ್ಸ್ ಮಾಡುವ ಹುಡುಗರಿದ್ದೀರಿ. ಅದನ್ನು ಬಿಡಿ ಎನ್ನುವುದಿಲ್ಲ, ಆ ಕೈಚಳಕದಲ್ಲಿ ಕನ್ನಡಕ್ಕೂ ಒಂದು ಪಾಲು ಕೊಡಿ ಎನ್ನುತ್ತೇನೆ.

ನಿಮ್ಮೂರಿನ ಮುದ್ರಣಾಲಯಕ್ಕೆ ಹೋಗಿ, ಬರೆದವರ ಒಪ್ಪಿಗೆ ಪಡೆದು ಹಳೆಯ ಕಡತ ಕೇಳಿ. ಯೂನಿಕೋಡಿಗೆ ತಿರುಗಿಸುವ ಉಚಿತ ಪರಿವರ್ತಕಗಳು ಜಾಲದಲ್ಲಿವೆ. ಆದರೆ ಅರ್ಕಾವತ್ತನ್ನು ಕಣ್ಣಿಟ್ಟು ನೋಡಿ. ಹಳೆಯ ಕಡತದಲ್ಲಿ ಅದು ಅಕ್ಷರವಾದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲೇ ಬರಬೇಕು. ಎಲ್ಲಿ ಕೆಟ್ಟಿತೋ ಅಲ್ಲಿ ತಿದ್ದುವ ಕೋಡು ನೀವೇ ಬರೆಯಿರಿ. ಎಲೆಕ್ಟ್ರಾನಿಕ್ಸ್ ಬಲ್ಲವರು ಆರ್ಡುಯಿನೋ ಹಲಗೆಗೆ ಎಲ್‌ಇಡಿ ಜೋಡಿಸಿ ಕನ್ನಡದ ಒತ್ತಕ್ಷರವನ್ನು ಚುಕ್ಕಿಗಳಲ್ಲಿ ಮೂಡಿಸಿ. ಇಂಗ್ಲಿಷ್ ಅಕ್ಷರಗಳು ಅಲ್ಲಿ ತಯಾರಾಗಿ ಸಿಗುತ್ತವೆ, ನಮ್ಮವನ್ನು ನಾವೇ ಬಿಡಿಸಬೇಕು. ಚಿತ್ರ ಬಲ್ಲವರೇ, ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿ ಕೂರಿಸುವ ಬಿದರಿ ಕಲೆ ನಮ್ಮ ಓಣಿಯಲ್ಲೇ ಇದೆ. ಆ ಬಳ್ಳಿಯಿಂದ ಒಂದು ಕನ್ನಡ ಫಾಂಟ್ ಏಕೆ ಹುಟ್ಟಬಾರದು?

ಉರ್ದು, ಮರಾಠಿ, ತೆಲುಗು ನಮ್ಮ ನೆರೆಮನೆಗಳು. ಅವುಗಳ ಮೇಲೆ ನಮಗೆ ಹಗೆಯಿಲ್ಲ. ನಮ್ಮ ಮನೆಯಲ್ಲಿ ನಮ್ಮ ದೀಪ ಉರಿಯಲಿ ಎಂಬುದಷ್ಟೇ ಹಟ. ಅಂಗಡಿಗಳ ಫಲಕ ಕನ್ನಡದಲ್ಲಿರಲಿ ಎಂದು ಬೀದಿಗಿಳಿದವರು ನಾವು. ಇನ್ನು ಯಂತ್ರದ ಬಾಗಿಲು ತೆರೆದು ಒಳಗೂ ಕಾಲಿಡೋಣ. ಈ ವಾರವೇ ಒಂದು ಹಳೆಯ ಕಡತ ತೆಗೆಯಿರಿ, ಒಂದು ಪುಟ ತಿರುಗಿಸಿ, ತಿದ್ದಿ, ಹತ್ತು ಜನರಿಗೆ ಸಿಗುವಂತೆ ಮಾಡಿ.

ಜೈ ಕನ್ನಡ! ಜೈ ಕರ್ನಾಟಕ!