ಮನೆಯ ಸ್ವಂತ ಹಬ್ಬ

ಚೈತ್ರ ಹತ್ತಿರವಾದಂತೆ ಹೊಸದಾಗಿ ಸಂಸಾರ ಹೂಡಿದವರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಸಲ ಹಬ್ಬಕ್ಕೆ ಯಾರ ಊರಿಗೆ? ಯುಗಾದಿಯ ಹಿಂದಿನ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಹೋದರೆ ಇಂಥ ಎಷ್ಟೋ ಜೋಡಿಗಳು ಕಾಣಸಿಗುತ್ತವೆ. ಮಗು ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ, ಕಾಲ ಬಳಿ ಚೀಲಗಳು, ಬಸ್ಸಿನ ಕಡೆಗೇ ಕಣ್ಣು. ಊರಿಗೆ ಹೋಗುವುದು ಒಳ್ಳೆಯದೇ. ಅಜ್ಜಿ ತಲೆಗೆ ಹರಳೆಣ್ಣೆ ತಟ್ಟಿ ನೀರೆರೆಯುವ ಸುಖ ಬೇರೆಲ್ಲೂ ಸಿಗುವುದಿಲ್ಲ. ಆದರೂ ಮಗು ನಡೆಯಲು ಕಲಿತ ಮೇಲೆ ವಸಂತದ ಒಂದು ಹಬ್ಬವಾದರೂ ನಮ್ಮ ಮನೆಯಲ್ಲೇ ಆಗಬೇಕು, ಅದು ಬಾಡಿಗೆಯದಾಗಲಿ, ಎರಡೇ ಕೋಣೆಯದಾಗಲಿ, ಎಂಬುದು ನನ್ನ ಗಟ್ಟಿ ಅನಿಸಿಕೆ. ಹಬ್ಬ ಎಂದರೆ ಬೇರೆಯವರ ಮನೆಗೆ ಹೋಗಿ ಉಂಡು ಬರುವುದು ಎಂದು ಮಗು ತಿಳಿದುಕೊಳ್ಳಬಾರದು.

ನನ್ನ ತವರು ಧಾರವಾಡ, ನಮ್ಮವರದು ಹಾಸನದ ಕಡೆ. ಇಬ್ಬರೂ ಸೇರಿ ನಮ್ಮ ಮನೆಯಲ್ಲೇ ಯುಗಾದಿ ಮಾಡೋಣ ಎಂದು ಹೊರಟಾಗ ಮೊದಲು ಎದುರಾದದ್ದು ಬೇವು. ಹಾಸನದ ಕಡೆ ಬೇವಿನ ಚಿಗುರು, ಹೂವು, ಬೆಲ್ಲದ ಚೂರು ಸೇರಿಸಿ ಅಂಗೈಗೆ ಒಂದು ಚಿಟಿಕೆ ಹಾಕುತ್ತಾರೆ. ನಮ್ಮ ಕಡೆ ಬೇವು ಎಂದರೆ ಲೋಟದಲ್ಲಿ ಕುಡಿಯುವಂಥದ್ದು. ಹುಣಸೆಹುಳಿ ಮತ್ತು ಬೆಲ್ಲದ ನೀರಿಗೆ ಪುಠಾಣಿ ಹಿಟ್ಟು, ಗಸಗಸೆ, ಒಣಕೊಬ್ಬರಿ, ದ್ರಾಕ್ಷಿ, ಗೋಡಂಬಿ ಬೆರೆಸಿ, ಮೇಲೆ ಬೇವಿನ ಹೂ ಉದುರಿಸುತ್ತಾರೆ. ಮಕ್ಕಳು ಎರಡನೇ ಲೋಟ ಕೇಳುತ್ತಾರೆ. ಹೋಳಿಗೆಯದೂ ಹಾಗೆಯೇ. ಅತ್ತೆಯವರದು ತೊಗರಿಬೇಳೆಯ ಹೂರಣ, ಅವ್ವನದು ಕಡಲೆಬೇಳೆಯದು. ಅಲ್ಲಿ ಒಬ್ಬಟ್ಟಿನ ಸಾರು, ಇಲ್ಲಿ ಕಟ್ಟಿನ ಸಾರು. ನಮ್ಮ ಮನೆಯಲ್ಲಿ ಈಗ ಬೇವು ಎರಡೂ ಬಗೆಯದು ಇರುತ್ತದೆ, ಹೂರಣ ಮಾತ್ರ ಒಂದು ವರ್ಷ ಅವರ ಕಡೆಯದು, ಮುಂದಿನ ವರ್ಷ ನಮ್ಮ ಕಡೆಯದು. ಅಡುಗೆಮನೆಯ ಕಿಟಕಿಗೆ ಒರಗಿಸಿಟ್ಟ ಫೋನಿನಲ್ಲಿ ಅತ್ತೆ, "ಕಣಕ ಇನ್ನೂ ಎಣ್ಣೆ ಕುಡೀಬೇಕು ಕಣಮ್ಮ, ಚೆನ್ನಾಗಿ ನಾದು" ಎನ್ನುತ್ತಾರೆ. ಅವ್ವನ ಫೋನ್ ಬಂದರೆ, "ಹೂರಣ ಭಾಳ ತೆಳ್ಳಗಾಗೇದ, ಸ್ವಲ್ಪ ಒಲಿ ಮ್ಯಾಲ ಇಡವಾ." ಇಬ್ಬರ ಮಾತೂ ನಮ್ಮ ಮಗಳ ಕಿವಿಗೆ ಬೀಳುತ್ತಲೇ ಇರುತ್ತದೆ. ಎರಡು ಊರಿನ ಕನ್ನಡವೂ ಎರಡು ಊರಿನ ರುಚಿಯೂ ಒಂದೇ ಒಲೆಯ ಮುಂದೆ ಸಿಗುವ ಭಾಗ್ಯ ಇಂಥ ಮನೆಯ ಮಕ್ಕಳಿಗೇ.

ಬೇವಿನ ಹೂವನ್ನು ಅಂಗಡಿಯಿಂದ ತರಬೇಡಿ ಎಂದು ಎಳೆಯ ಮಕ್ಕಳಿರುವ ತಾಯಿತಂದೆಯರನ್ನು ಕೇಳಿಕೊಳ್ಳುತ್ತೇನೆ. ಈ ಹೊತ್ತಿನಲ್ಲಿ ಬೀದಿಯ ಬೇವಿನ ಮರಗಳೆಲ್ಲ ಹೂ ಬಿಟ್ಟಿರುತ್ತವೆ. ಮರದ ಕೆಳಗೆ ಹಳೆಯ ಪಂಚೆ ಹಾಸಿ, ಕೈಗೆಟುಕುವ ರೆಂಬೆಯನ್ನು ಮೆಲ್ಲಗೆ ಅಲುಗಿಸಿದರೆ ಐದೆಸಳಿನ ಪುಟ್ಟ ಬಿಳಿ ಹೂಗಳು ಉದುರುತ್ತವೆ. ಎಲೆ ಅಷ್ಟು ಕಹಿಯಾದರೂ ಹೂವಿಗೆ ಒಳ್ಳೆಯ ಪರಿಮಳ. ಮಗು ಅದನ್ನು ಮೂಗಿಗೆ ಹಿಡಿದು ತಾನಾಗಿ ಕಂಡುಕೊಳ್ಳಲಿ.

ಯುಗಾದಿಯ ಬೆಳಗಿನಷ್ಟೇ ಬಿದಿಗೆಯ ಚಂದ್ರನನ್ನು ನೋಡುವ ಸಂಜೆಯೂ ನನಗೆ ಇಷ್ಟ. ಪಡುವಣದಲ್ಲಿ ತೆಳ್ಳನೆಯ ಗೆರೆಯಂಥ ಚಂದ್ರ ಕಂಡೊಡನೆ ಕೈಮುಗಿದು, ಹಿರಿಯರ ಕಾಲಿಗೆರಗುವುದು ನಮ್ಮಲ್ಲಿನ ವಾಡಿಕೆ. 2025ರಲ್ಲಿ ಯುಗಾದಿ ಬಂದದ್ದು ಮಾರ್ಚ್ 30ರಂದು. ಅಂದು ಸಂಜೆ ನಾವು ಕಾದ ಚಂದ್ರನಿಗಾಗಿಯೇ ರಂಜಾನ್ ಉಪವಾಸ ಮುಗಿಸುವವರೂ ಕಾದಿದ್ದರು, ಮರುದಿನವೇ ಹಬ್ಬ. ನಮ್ಮ ಕಟ್ಟಡದ ತಾರಸಿಯ ಮೇಲೆ ಎರಡೂ ಹಬ್ಬದ ಮನೆಗಳ ಮಕ್ಕಳು ನೀರಿನ ಟ್ಯಾಂಕಿನ ಪಕ್ಕ ನಿಂತು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿದ್ದರು. ದೊಡ್ಡವರು ಎಷ್ಟು ಪಾಠ ಹೇಳಿದರೂ ಕಲಿಸಲಾಗದ್ದನ್ನು ಮಕ್ಕಳು ಆ ಸಂಜೆ ಕಲಿತರು.

ರಾಮನವಮಿ ಎಳೆಯ ಸಂಸಾರಕ್ಕೆ ಹೇಳಿ ಮಾಡಿಸಿದ ಹಬ್ಬ. ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿಗೆ ಒಲೆ ಹಚ್ಚಬೇಕಾಗಿಲ್ಲ. ಬಿಸಿಲು ಏರಿದ ದಿನಗಳಲ್ಲಿ ಬೆಲ್ಲ, ಏಲಕ್ಕಿ, ಶುಂಠಿ, ನಿಂಬೆಯ ಪಾನಕವನ್ನು ಹಾದುಹೋಗುವವರಿಗೆಲ್ಲ ಕೊಡುವುದನ್ನು ಹಬ್ಬವಾಗಿಸಿದ ನಮ್ಮ ಹಿರಿಯರ ಮನಸ್ಸು ಎಷ್ಟು ದೊಡ್ಡದು! ಕಾಗದದ ಲೋಟ ಹಂಚುವ ಕೆಲಸ ಮಕ್ಕಳಿಗೇ ಇರಲಿ. ಬೆಂಗಳೂರಿನವರಾದರೆ ಸಂಜೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯ ಸಂಗೀತ ಕಚೇರಿಗೂ ಒಂದು ಗಳಿಗೆ ಹೋಗಿ ಬರಬಹುದು. ಮಗು ಮಡಿಲಲ್ಲಿ ನಿದ್ದೆ ಹೋದರೂ ನಷ್ಟವಿಲ್ಲ.

ಈ ಹಬ್ಬಗಳ ನಡುವೆಯೇ ನಮ್ಮಲ್ಲಿ ಎಷ್ಟೋ ಜನರ ಮದುವೆಯ ದಿನವೂ ಬರುತ್ತದೆ. ಆಷಾಢದಲ್ಲಿ ಮದುವೆ ಮಾಡುವುದಿಲ್ಲ, ಧನುರ್ಮಾಸದಲ್ಲೂ ಇಲ್ಲ. ಸುಗ್ಗಿ ಮುಗಿದು ಕಣ ಖಾಲಿಯಾಗಿ, ಮುಂಗಾರು ಇನ್ನೂ ಬಾರದ ಬಿಡುವು ಇದು. ಶಾಲೆಗಳಿಗೂ ರಜೆ. ಹಾಗಾಗಿ ಚೈತ್ರ, ವೈಶಾಖಗಳಲ್ಲಿ ಛತ್ರಗಳು ತುಂಬುತ್ತವೆ. ನಮ್ಮ ಮದುವೆಯೂ ಚೈತ್ರ ಬಹುಳ ಪಂಚಮಿಯಂದು ಆದದ್ದು. ಅತ್ತೆಯವರು ಪಂಚಾಂಗ ನೋಡಿ ಆ ತಿಥಿಯ ಬೆಳಿಗ್ಗೆ ಹರಸಲು ಫೋನ್ ಮಾಡುತ್ತಾರೆ, ಗೆಳೆಯರು ತಾರೀಖಿನ ದಿನ ಮಾಡುತ್ತಾರೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಹೀಗಾಗಿ ತಿಥಿ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿ, ತಾರೀಖು ಎರಡೂ ಮತ್ತೆ ಕೂಡಿಕೊಳ್ಳುತ್ತವೆ, ಕೆಲವೊಮ್ಮೆ ಒಂದು ದಿನ ಹೆಚ್ಚುಕಡಿಮೆ. 2006ರ ಯುಗಾದಿಯೂ ಮಾರ್ಚ್ 30ಕ್ಕೇ ಇತ್ತು. ನಮ್ಮ ಎರಡು ದಿನಗಳು ಒಂದಾಗುವ ಹೊತ್ತಿಗೆ ಮಗಳು ಕಾಲೇಜು ಮೆಟ್ಟಿಲು ಹತ್ತಿರುತ್ತಾಳೆ!

ಮದುವೆಯ ದಿನ ಮಗುವನ್ನು ಯಾರ ಬಳಿಯಾದರೂ ಬಿಟ್ಟು ಗಂಡಹೆಂಡಿರಿಬ್ಬರೇ ಹೊರಗೆ ಊಟಕ್ಕೆ ಹೋಗುವುದು ಈಗ ರೂಢಿ. ಇಬ್ಬರೇ ಕೂತು ಮಾತಾಡುವ ಹೊತ್ತು ಖಂಡಿತ ಬೇಕು, ಮಗು ಸಣ್ಣದಿದ್ದಾಗ ಇನ್ನೂ ಬೇಕು. ಅದಕ್ಕೆ ಬೇರೊಂದು ಸಂಜೆ ಇಟ್ಟುಕೊಳ್ಳಿ. ಮದುವೆಯ ದಿನವನ್ನು ಮಾತ್ರ ಮಗುವಿನೊಡನೆ ಕಳೆಯಿರಿ. ಹುಟ್ಟುಹಬ್ಬದಲ್ಲಿ ಮಗು ತನ್ನನ್ನೇ ಕಾಣುತ್ತದೆ, ಯುಗಾದಿಯಲ್ಲಿ ಊರನ್ನೆಲ್ಲ ಕಾಣುತ್ತದೆ. ಈ ಮನೆ ತಾನು ಬರುವ ಮೊದಲೇ ಶುರುವಾಗಿತ್ತು, ಎರಡು ಬೇರೆ ಊರುಗಳ ಇಬ್ಬರು ಒಟ್ಟಿಗೆ ಬಾಳೋಣ ಎಂದು ಒಪ್ಪಿಕೊಂಡದ್ದರಿಂದ ಶುರುವಾಯಿತು ಎಂದು ಅದಕ್ಕೆ ತಿಳಿಯುವುದು ಈ ದಿನವೇ. ಯಾವ ಪಂಚಾಂಗದಲ್ಲೂ ಬರೆದಿರದ ಈ ಹಬ್ಬವನ್ನು ಮನೆಯವರೇ ನೆನಪಿಟ್ಟು ಮಾಡಬೇಕು.

ನಮ್ಮ ಮನೆಯಲ್ಲಿ ಅಂದು ಧಾರೆ ಸೀರೆಯನ್ನು ಬೀರುವಿನಿಂದ ತೆಗೆಯುತ್ತೇವೆ. ರೇಷ್ಮೆ ಸೀರೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಜರಿ ಆ ಗೆರೆಯ ಉದ್ದಕ್ಕೂ ಮುರಿಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಬಿಡಿಸಿ, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಕಡೆ ಮಡಿಕೆ ಬೀಳುವಂತೆ ಮಡಿಸಬೇಕು. ಸೆರಗಿನ ತುದಿ ನಮ್ಮವರ ಕೈಯಲ್ಲಿ, ಇನ್ನೊಂದು ತುದಿ ನನ್ನದು, ನಡುವೆ ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುವ ಜವಾಬ್ದಾರಿ ಮಗಳದ್ದು. ಅದರ ಮೇಲೆ ಅಕ್ಷತೆಯ ಅರಿಸಿನ ತಾಗಿದ ಒಂದು ಕಲೆ ಇದೆ. ಅದು ಹೇಗಾಯಿತು ಎಂದು ಪ್ರತಿ ಸಲವೂ ಕೇಳುತ್ತಾಳೆ, ಪ್ರತಿ ಸಲವೂ ಹೇಳುತ್ತೇವೆ. ಆಮೇಲೆ ಆಲ್ಬಮ್ಮು. ತಾಂಬೂಲದ ಚೀಲಗಳನ್ನು ಹಂಚುತ್ತ ನಿಂತಿರುವ ನಮ್ಮ ಅಜ್ಜನನ್ನು ಅವಳು ನೋಡಿಲ್ಲ. ಆದರೆ ಗುರುತು ಹಿಡಿಯುತ್ತಾಳೆ, ಅವರ ಹೆಸರು ಹೇಳುತ್ತಾಳೆ.

ಪರಿಚಯದ ದಂಪತಿಯೊಬ್ಬರು ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದಂತೆ ಮದುವೆಯಾದವರು. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ನಡೆದದ್ದೂ ಹಾಗೆಯೇ. ವರದಕ್ಷಿಣೆಯಿಲ್ಲ, ಆಡಂಬರವಿಲ್ಲ, ವಧೂವರರು ಎಲ್ಲರೆದುರು ಪ್ರತಿಜ್ಞೆ ಓದುತ್ತಾರೆ. ಈ ದಂಪತಿ ತಮ್ಮ ಮದುವೆಯ ದಿನ ಆ ಪ್ರತಿಜ್ಞೆಯನ್ನು ಮತ್ತೆ ಓದುತ್ತಾರೆ. ಈಗ ಓದಲು ಬರುವ ಮಗ ಇದ್ದಾನೆ, ಅವನೇ ಗಟ್ಟಿಯಾಗಿ ಓದುತ್ತಾನೆ, ಅಪ್ಪ ಅಮ್ಮ ಕೇಳಿಸಿಕೊಳ್ಳುತ್ತಾರೆ. ಕೇಳಿ ನನಗೆ ಬಹಳ ಸಂತೋಷವಾಯಿತು. ಸಪ್ತಪದಿ ತುಳಿದವರೂ ಆ ಏಳು ಹೆಜ್ಜೆಗಳ ಅರ್ಥವನ್ನು ಮಕ್ಕಳಿಗೆ ಅಂದು ಬಿಡಿಸಿ ಹೇಳಬಹುದು.

ಮಗುವಿಗೆ ಜ್ವರವಿದ್ದರೆ, ಕಚೇರಿಗೆ ರಜೆ ಸಿಗದಿದ್ದರೆ, ಈ ಹಬ್ಬಕ್ಕೆ ಸಂಜೆ ಒಂದು ಗಂಟೆ ಸಾಕು. ಶ್ಯಾವಿಗೆ ಪಾಯಸ ಅರ್ಧ ಗಂಟೆಯ ಕೆಲಸ. ಅದು ಕುದಿಯುತ್ತಿರುವಾಗ ಎರಡೂ ಕಡೆಯ ಅಜ್ಜಿಯರಿಗೆ ಫೋನ್ ಹಚ್ಚಿ ಮಗುವಿನ ಕೈಗೆ ಕೊಡಿ. ಅಪ್ಪ ಅಮ್ಮನ ಮದುವೆಯ ದಿನ ಏನೇನಾಯಿತು ಎಂದು ಮಗುವೇ ಕೇಳಲಿ. ಮುಹೂರ್ತಕ್ಕೆ ಮುಂಚೆ ಕಾಣೆಯಾದ ಬಾಸಿಂಗ, ಅಡಿಗೆಯವರಿಗೆ ಸಾಲದೆ ಬಂದ ತೆಂಗಿನಕಾಯಿ, ಕಣ್ಣೀರು ತಡೆಯದೆ ಹಿತ್ತಲಿಗೆ ಹೋಗಿ ನಿಂತ ಸೋದರಮಾವ, ಇಂಥ ಎಷ್ಟೋ ಸಂಗತಿಗಳನ್ನು ಅವರು ನಿಮಗೂ ಇದುವರೆಗೆ ಹೇಳಿರಲಿಕ್ಕಿಲ್ಲ. ಮೊಮ್ಮಗು ಕೇಳಿದರೆ ಹೇಳುತ್ತಾರೆ.